ಒಳಪದರಕ್ಕೆ ಅಪ್ಪಣೆ ಎಲ್ಲಿಂದ?

ಪ್ರಯೋಗಾಲಯದ ಹೆಣ್ಣಿಲಿಯ ಬೆದೆಚಕ್ರ 4ರಿಂದ 5 ದಿನಗಳಲ್ಲಿ ಮುಗಿದುಹೋಗುತ್ತದೆ. ಅಷ್ಟು ಸಣ್ಣ ಅವಧಿಯೊಳಗೆ ಅದರ ಯೋನಿಯ ಒಳಪದರ ದಪ್ಪಗೆ ಬೆಳೆದು, ಮೇಲ್ಭಾಗದ ಕೋಶಗಳು ಸತ್ತು ಗಡುಸಾಗಿ ಉದುರಿ, ಬಿಳಿ ರಕ್ತಕಣಗಳು ನುಗ್ಗಿಬಂದು ಉಳಿದದ್ದನ್ನು ತೆರವು ಮಾಡಿ, ಪದರ ಮತ್ತೆ ತೆಳುವಾಗಿ ಮುಂದಿನ ಸುತ್ತಿಗೆ ಅಣಿಯಾಗುತ್ತದೆ. ಇದನ್ನು ಕಾಣಲು ಪ್ರಾಣಿಯನ್ನು ಕೊಯ್ಯಬೇಕಾಗಿಲ್ಲ. ಒಂದು ಹನಿ ಉಪ್ಪುನೀರನ್ನು ಸಪೂರ ಪಿಪೆಟ್ಟಿನಿಂದ ಯೋನಿದ್ವಾರಕ್ಕೆ ಬಿಟ್ಟು, ಹಿಂದಕ್ಕೆ ಎಳೆದುಕೊಂಡು, ಗಾಜಿನ ಸ್ಲೈಡಿನ ಮೇಲೆ ಸವರಿ ಬಣ್ಣ ಹಾಕಿ ಸೂಕ್ಷ್ಮದರ್ಶಕದಡಿ ಇಟ್ಟರೆ ಸಾಕು. ಬೆದೆಗೆ ಹಿಂದಿನ ದಿನ ತೆಗೆದ ಹನಿಯಲ್ಲಿ ದುಂಡನೆಯ, ಕೋಶಕೇಂದ್ರ ಎದ್ದು ಕಾಣುವ ಕೋಶಗಳು ಗುಂಪುಗುಂಪಾಗಿರುತ್ತವೆ; ಬೆದೆಯ ದಿನ ಅವುಗಳ ಜಾಗದಲ್ಲಿ ಕೋಶಕೇಂದ್ರವನ್ನು ಕಳೆದುಕೊಂಡು ಅಂಚು ಮುದುಡಿದ ಚಪ್ಪಟೆ ಹುರುಪೆಗಳೇ ತುಂಬಿರುತ್ತವೆ; ಬೆದೆ ಇಳಿಯುತ್ತಿದ್ದಂತೆ ಹುರುಪೆಗಳ ನಡುವೆ ಬಿಳಿ ರಕ್ತಕಣಗಳು ಕಾಣಿಸಿಕೊಂಡು, ವಿರಾಮದ ಹಂತಕ್ಕೆ ಬರುವ ಹೊತ್ತಿಗೆ ಬಹುಪಾಲು ಅವೇ ಉಳಿಯುತ್ತವೆ.

ಈ ಸವರಿಕೆಯ ವಿಧಾನವನ್ನು 1917ರಲ್ಲಿ ನ್ಯೂಯಾರ್ಕಿನಲ್ಲಿ ಚಾರ್ಲ್ಸ್ ಸ್ಟಾಕರ್ಡ್ ಮತ್ತು ಜಾರ್ಜ್ ಪಪನಿಕೊಲಾವ್ ಗಿನಿಯಿಲಿಗಳ ಮೇಲೆ ರೂಪಿಸಿದರು. ಇದೇ ಪಪನಿಕೊಲಾವ್ ಮುಂದೆ ಹೆಂಗಸರ ಗರ್ಭಕಂಠದ ಕ್ಯಾನ್ಸರನ್ನು ಮೊದಲೇ ಪತ್ತೆ ಮಾಡುವ ಪ್ಯಾಪ್ ಪರೀಕ್ಷೆಗೆ ತಮ್ಮ ಹೆಸರನ್ನು ಕೊಟ್ಟವರು. ಎಡ್ಗರ್ ಆಲನ್ 1922ರಲ್ಲಿ ಇಲಿಯ ಚಕ್ರವನ್ನು ವಿವರಿಸಿದರು. ಮರುವರ್ಷ ಅವರೂ ಜೀವರಸಾಯನ ವಿಜ್ಞಾನಿ ಎಡ್ವರ್ಡ್ ಡಾಯ್ಸಿಯೂ ಸೇರಿ, ಕಸಾಯಿಖಾನೆಯಿಂದ ತಂದ ಹಂದಿಯ ಅಂಡಾಶಯಗಳಲ್ಲಿ ಅಂಡಾಣುವನ್ನು ಸುತ್ತುವರಿದ ಗುಳ್ಳೆಗಳಿಂದ ದ್ರವವನ್ನು ಹೀರಿ, ಅಂಡಾಶಯ ತೆಗೆದುಹಾಕಿದ ಇಲಿಗಳಿಗೆ ಚುಚ್ಚಿ ನೋಡಿದರು. ಎರಡು ದಿನಗಳೊಳಗೆ ಆ ಇಲಿಗಳ ಸ್ಲೈಡುಗಳಲ್ಲಿ ಬೆದೆಯ ಹುರುಪೆಗಳು ಮೂಡಿದವು. ದ್ರವದಲ್ಲಿದ್ದ ಆ ವಸ್ತುವೇ ಇಂದು ಈಸ್ಟ್ರೋಜನ್ ಎಂದು ಕರೆಯಲಾಗುವ ಹಾರ್ಮೋನು. ಅದರ ಒಂದು ಶುದ್ಧ ರೂಪವನ್ನು 1929ರಲ್ಲಿ ಡಾಯ್ಸಿ ಅಮೆರಿಕದಲ್ಲಿಯೂ ಅಡಾಲ್ಫ್ ಬುಟೆನಾಂಟ್ ಜರ್ಮನಿಯಲ್ಲಿಯೂ ಬೇರ್ಪಡಿಸುವವರೆಗೆ, ಯಾವ ರಸದಲ್ಲಿ ಎಷ್ಟು ಹಾರ್ಮೋನಿದೆ ಎಂದು ಅಳೆಯಲು ಇಲಿಯ ಯೋನಿಪದರಕ್ಕಿಂತ ನಂಬಿಕೆಯ ಮಾಪಕ ರಸಾಯನಶಾಸ್ತ್ರಜ್ಞರ ಬಳಿ ಇರಲಿಲ್ಲ.

ಹಾರ್ಮೋನು ರಕ್ತದಲ್ಲಿ ಬರುತ್ತದೆ, ಒಳಪದರ ಬೆಳೆಯುತ್ತದೆ ಎಂಬಲ್ಲಿಗೆ ಸಂಗತಿ ಮುಗಿಯಿತೆಂದು ತೋರುವುದು ಸಹಜ. ಷಿಕಾಗೋದ ಎಲ್ವುಡ್ ಜೆನ್ಸೆನ್ 1950ರ ದಶಕದ ಕೊನೆಯಲ್ಲಿ ವಿಕಿರಣಶೀಲ ಹೈಡ್ರೋಜನ್ನಿನಿಂದ ಗುರುತು ಮಾಡಿದ ಈಸ್ಟ್ರೋಜನ್ನನ್ನು ಎಳೆಯ ಪ್ರಾಣಿಗಳಿಗೆ ಕೊಟ್ಟಾಗ, ಬೇರೆ ಅಂಗಗಳಿಂದ ಬೇಗ ಮಾಯವಾದ ಹಾರ್ಮೋನು ಗರ್ಭಕೋಶ ಮತ್ತು ಯೋನಿಗಳಲ್ಲಿ ಬಹುಕಾಲ ಉಳಿದುಕೊಂಡದ್ದು ಕಂಡುಬಂತು. ಅದನ್ನು ಹಿಡಿದಿಟ್ಟುಕೊಳ್ಳುವ ಪ್ರೋಟೀನಿಗೆ ಗ್ರಾಹಿ ಎಂದು ಹೆಸರಾಯಿತು. ಈಸ್ಟ್ರೋಜನ್ ಬಂದು ಕೂತೊಡನೆ ಈ ಗ್ರಾಹಿ ಡಿಎನ್ಎಯ ನಿರ್ದಿಷ್ಟ ತಾಣಗಳಿಗೆ ಅಂಟಿಕೊಂಡು ಕೆಲವು ಜೀನುಗಳಿಗೆ ಚಾಲನೆ ಕೊಡುತ್ತದೆ. ಒಳಪದರದ ಕೋಶಗಳಲ್ಲಿ ಗ್ರಾಹಿ ಇದೆ, ಅವೇ ಕೋಶಗಳು ವಿಭಜನೆಗೊಳ್ಳುತ್ತವೆ. ಆದ್ದರಿಂದ ಅಪ್ಪಣೆಯೂ ನೇರವಾಗಿ ಅವಕ್ಕೇ ತಲುಪುತ್ತಿರಬೇಕೆಂಬ ತರ್ಕದಲ್ಲಿ ದೋಷ ಹುಡುಕುವುದು ಕಷ್ಟ. ಆದರೂ ಅದು ತಪ್ಪೆಂದು ತೋರಿಸಿಕೊಟ್ಟದ್ದು ಒಳಪದರವಲ್ಲ, ಅದರ ಅಡಿಯಲ್ಲಿದ್ದು ಅಲ್ಲಿಯವರೆಗೆ ಯಾರೂ ಹೆಚ್ಚು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದ ಅಂಗಾಂಶ.

ಸಂತಾನನಾಳದ ಯಾವ ಭಾಗವನ್ನು ಅಡ್ಡ ಸೀಳಿದರೂ ಎರಡು ಬಗೆಯ ಅಂಗಾಂಶಗಳು ಕಾಣುತ್ತವೆ. ನಾಳದ ಒಳಬಯಲಿಗೆ ಮುಖ ಮಾಡಿ, ಒಂದಕ್ಕೊಂದು ಒತ್ತಾಗಿ ಅಂಟಿಕೊಂಡಿರುವ ಕೋಶಗಳ ಪದರಕ್ಕೆ ಎಪಿಥೀಲಿಯಂ ಎಂದು ಹೆಸರು. ಈ ಅಧ್ಯಾಯದಲ್ಲಿ ಒಳಪದರ ಎಂದರೆ ಇದೇ. ಅದರ ಕೆಳಗೆ ಒಂದು ತೆಳ್ಳನೆಯ ಪೊರೆಯಾಚೆ, ನಾರುಗಳ ಜಾಲದಲ್ಲಿ ಚೆದುರಿ ನಿಂತ ಕೋಶಗಳು, ರಕ್ತನಾಳಗಳು, ನರದ ಎಳೆಗಳು ಸೇರಿದ ಆಧಾರ ಅಂಗಾಂಶವಿದೆ, ಇದು ಸ್ಟ್ರೋಮಾ. ಗರ್ಭಕೋಶದಲ್ಲಿ ಒಳಪದರ ಒಂದೇ ಸಾಲಿನ ಕಂಬದಾಕಾರದ ಕೋಶಗಳಿಂದಾಗಿದ್ದರೆ ಯೋನಿಯಲ್ಲಿ ಅದು ಅನೇಕ ಸಾಲುಗಳದು. ಅಂಡಾಶಯ ತೆಗೆದ ಇಲಿಯಲ್ಲಿ ಎರಡು ಮೂರು ಸಾಲಿಗೆ ಕುಗ್ಗುವ ಪದರ, ಈಸ್ಟ್ರೋಜನ್ ಕೊಟ್ಟರೆ ಹತ್ತು ಸಾಲುಗಳ ಆಸುಪಾಸಿಗೆ ಏರುತ್ತದೆ. ಇಷ್ಟು ಭಿನ್ನವಾದ ಎರಡು ಪದರಗಳೂ ಭ್ರೂಣದಲ್ಲಿ ಒಂದೇ ಮೂಲದಿಂದ, ಮ್ಯುಲ್ಲರ್ ನಾಳವೆಂಬ ಜೋಡಿ ಕೊಳವೆಯಿಂದ ಹುಟ್ಟುತ್ತವೆ. ಮೇಲ್ತುದಿ ಅಂಡನಾಳವಾಗಿ, ನಡುಭಾಗ ಗರ್ಭಕೋಶವಾಗಿ, ಕೆಳತುದಿ ಗರ್ಭಕಂಠ ಮತ್ತು ಯೋನಿಯಾಗಿ ಕವಲೊಡೆಯುತ್ತದೆ.

ಅಮೆರಿಕದ ಜೆರಾಲ್ಡ್ ಕೂನ್ಹಾ 1970ರ ದಶಕದಲ್ಲಿ ಕೇಳಿದ ಪ್ರಶ್ನೆ ಸರಳವಾಗಿತ್ತು: ಈ ಕವಲಿನ ತೀರ್ಮಾನ ಯಾರದು? ಆಗಷ್ಟೇ ಹುಟ್ಟಿದ ಇಲಿಮರಿಯ ಗರ್ಭಕೋಶವನ್ನೂ ಯೋನಿಯನ್ನೂ ತೆಗೆದು, ಪೊರೆಯನ್ನು ಸಡಿಲಿಸುವ ಟ್ರಿಪ್ಸಿನ್ ಕಿಣ್ವದಲ್ಲಿ ನೆನೆಸಿದರೆ, ಸೂಕ್ಷ್ಮದರ್ಶಕದ ಕೆಳಗೆ ಸೂಜಿಮೊನೆಯ ಉಪಕರಣಗಳಿಂದ ಒಳಪದರವನ್ನು ಇಡಿಯಾಗಿ ಸ್ಟ್ರೋಮಾದಿಂದ ಸುಲಿದು ತೆಗೆಯಬಹುದು. ಹೀಗೆ ಬಿಡಿಸಿದ ತುಣುಕುಗಳನ್ನು ಅದಲುಬದಲು ಮಾಡಿ ಜೋಡಿಸಿ, ಅವು ಅಂಟಿಕೊಂಡ ಮೇಲೆ ರಕ್ತ ಸಮೃದ್ಧವಾಗಿ ದೊರೆಯುವ ಜಾಗದಲ್ಲಿ ನೆಟ್ಟು ಬೆಳೆಸಲಾಗುತ್ತದೆ. ಇಂಥ ಕಸಿಗೆ ಪ್ರಯೋಗಕಾರರು ಹೆಚ್ಚಾಗಿ ಆರಿಸಿಕೊಳ್ಳುವುದು ಇನ್ನೊಂದು ಇಲಿಯ ಮೂತ್ರಪಿಂಡದ ಹೊದಿಕೆಯ ಅಡಿಯನ್ನು. 1976ರಲ್ಲಿ ಪ್ರಕಟವಾದ ಫಲಿತಾಂಶ ಅನುಮಾನಕ್ಕೆ ಎಡೆಗೊಡಲಿಲ್ಲ. ಯೋನಿಯ ಸ್ಟ್ರೋಮಾದ ಮೇಲೆ ಕೂಡಿಸಿದ ಗರ್ಭಕೋಶದ ಒಳಪದರ ಸಾಲುಸಾಲಾಗಿ ಬೆಳೆದು ಯೋನಿಯ ಪದರವೇ ಆಯಿತು, ಗರ್ಭಕೋಶದ ಸ್ಟ್ರೋಮಾದ ಮೇಲೆ ಕೂತ ಯೋನಿಯ ಪದರ ಕಂಬದಾಕಾರದ ಒಂಟಿ ಸಾಲಾಯಿತು. ತಾನು ಏನಾಗಬೇಕೆಂಬುದನ್ನು ಎಳೆಯ ಒಳಪದರ ತಾನೇ ತೀರ್ಮಾನಿಸುವುದಿಲ್ಲ, ಅಡಿಯಲ್ಲಿರುವ ಸ್ಟ್ರೋಮಾ ತೀರ್ಮಾನಿಸುತ್ತದೆ. ಆದರೆ ಬೆಳೆದ ಇಲಿಯ ಒಳಪದರವನ್ನು ಇದೇ ರೀತಿ ಅದಲುಬದಲು ಮಾಡಿದರೆ ಅದು ಬಹುಮಟ್ಟಿಗೆ ತನ್ನ ಹಳೆಯ ರೂಪಕ್ಕೇ ಅಂಟಿಕೊಳ್ಳುತ್ತದೆ. ಮಾತು ಕೇಳುವ ಕಾಲ ಹುಟ್ಟಿನ ನಂತರದ ಕೆಲವೇ ದಿನಗಳದು.

ರೂಪದ ಪ್ರಶ್ನೆಗೆ ಉತ್ತರ ಸಿಕ್ಕರೂ ಪಾಲನೆಯ ಪ್ರಶ್ನೆ ಉಳಿದಿತ್ತು. ಬೆಳೆದ ಪ್ರಾಣಿಯಲ್ಲಿ ತಿಂಗಳುಗಟ್ಟಲೆ ಪದರವನ್ನು ನವೀಕರಿಸುವ ಈಸ್ಟ್ರೋಜನ್ನಿನ ಅಪ್ಪಣೆಯಾದರೂ ನೇರವಾಗಿ ಒಳಪದರಕ್ಕೆ ತಲುಪುತ್ತದೆಯೇ? ಇದನ್ನು ಪರೀಕ್ಷಿಸಲು ಗ್ರಾಹಿಯೇ ಇಲ್ಲದ ಇಲಿ ಬೇಕಿತ್ತು. ಅಂಥ ಇಲಿಯನ್ನು 1993ರಲ್ಲಿ ಡೆನ್ನಿಸ್ ಲುಬಾನ್, ಕೆನೆತ್ ಕೊರಾಕ್, ಆಲಿವರ್ ಸ್ಮಿತೀಸ್ ಮತ್ತು ಸಂಗಡಿಗರು ಈಸ್ಟ್ರೋಜನ್ ಗ್ರಾಹಿ ಆಲ್ಫಾದ ಜೀನನ್ನು ಕೆಡಿಸಿ ಸೃಷ್ಟಿಸಿದರು. ಅಲ್ಲಿಂದ ಮುಂದಿನ ಹೆಜ್ಜೆಗೆ ಕೂನ್ಹಾ ವಿಧಾನವೇ ಒದಗಿತು. ಪಾಲ್ ಕುಕ್ ಮತ್ತು ಸಂಗಡಿಗರು 1997ರಲ್ಲಿ ಗ್ರಾಹಿಯಿರುವ ಮತ್ತು ಗ್ರಾಹಿಯಿಲ್ಲದ ಇಲಿಗಳ ಗರ್ಭಕೋಶದ ತುಣುಕುಗಳನ್ನು ನಾಲ್ಕೂ ರೀತಿಯಲ್ಲಿ ಜೋಡಿಸಿ ಈಸ್ಟ್ರೋಜನ್ ಕೊಟ್ಟರು. ಒಳಪದರದಲ್ಲಿ ಗ್ರಾಹಿ ಇದ್ದು ಸ್ಟ್ರೋಮಾದಲ್ಲಿ ಇಲ್ಲದಿದ್ದಾಗ ಒಳಪದರದ ಕೋಶಗಳು ವಿಭಜನೆಗೊಳ್ಳಲಿಲ್ಲ. ಸ್ಟ್ರೋಮಾದಲ್ಲಿ ಗ್ರಾಹಿ ಇದ್ದು ಒಳಪದರದಲ್ಲಿ ಇಲ್ಲದಿದ್ದಾಗ ಅವು ಎಂದಿನಂತೆಯೇ ವಿಭಜನೆಗೊಂಡವು. ಹಾರ್ಮೋನಿನ ಕರೆ ಕಿವಿಗೆ ಬೀಳದ ಕೋಶಗಳು ಆ ಕರೆಯಿಂದಲೇ ಬೆಳೆಯುವುದನ್ನು ಈ ಜೋಡಣೆ ತೋರಿಸಿತು. ಜೀವಕೋಶ ವಿಜ್ಞಾನದಲ್ಲಿ ಇಷ್ಟು ನೇರವಾದ ಉತ್ತರ ಕೊಡುವ ಪ್ರಯೋಗಗಳು ಹೆಚ್ಚಿಲ್ಲ.

ಯೋನಿಯ ಮೇಲೆ ಮರುವರ್ಷ ನಡೆದ ಇದೇ ಬಗೆಯ ಪ್ರಯೋಗ ಚಿತ್ರವನ್ನು ತುಸು ಜಟಿಲಗೊಳಿಸಿತು, ಮತ್ತು ಆ ಜಟಿಲತೆಯೇ ಹೆಚ್ಚು ಬೆಲೆಯುಳ್ಳದ್ದು. ಅಲ್ಲಿಯೂ ಕೋಶವಿಭಜನೆಗೆ ಸ್ಟ್ರೋಮಾದ ಗ್ರಾಹಿಯೇ ಸಾಕಾಯಿತು. ಆದರೆ ಪದರ ಪೂರ್ತಿ ಸಾಲುಗಟ್ಟಿ ಅದರ ಮೇಲ್ಭಾಗ ಕೆರಾಟಿನ್ ತುಂಬಿಕೊಂಡು ಗಡುಸಾಗಬೇಕಾದರೆ ಒಳಪದರದ ಸ್ವಂತ ಗ್ರಾಹಿಯೂ ಬೇಕಾಯಿತು. ಎಂದರೆ, ಸಂಖ್ಯೆ ಹೆಚ್ಚಿಸುವ ಅಪ್ಪಣೆ ಕೆಳಗಿನಿಂದ ಬರುತ್ತದೆ, ಹೆಚ್ಚಿದ ಕೋಶಗಳು ಪಕ್ವವಾಗುವ ಕೆಲಸದಲ್ಲಿ ಮೇಲಿನವರ ಒಪ್ಪಿಗೆಯೂ ಸೇರಿರುತ್ತದೆ. ಗರ್ಭಕೋಶದಲ್ಲೂ 2010ರಲ್ಲಿ ಇಂಥದ್ದೇ ಫಲಿತಾಂಶ ಬಂತು: ಒಳಪದರದಿಂದ ಮಾತ್ರ ಗ್ರಾಹಿಯನ್ನು ತೆಗೆದ ಇಲಿಗಳಲ್ಲಿ ವಿಭಜನೆ ನಡೆಯಿತು, ಆದರೆ ಆ ಪದರ ಸ್ರವಿಸಬೇಕಾದ ಲ್ಯಾಕ್ಟೋಫೆರಿನ್ನಿನಂಥ ಪ್ರೋಟೀನುಗಳ ತಯಾರಿಕೆ ನಡೆಯಲಿಲ್ಲ.

ಹಾಗಾದರೆ ಸ್ಟ್ರೋಮಾದಿಂದ ಒಳಪದರಕ್ಕೆ ಹೋಗುವ ಸಂದೇಶ ಯಾವುದು? ರಕ್ತದಲ್ಲಿ ಹರಿದು ದೇಹದ ಮೂಲೆಮೂಲೆಗೂ ತಲುಪುವ ಹಾರ್ಮೋನು ಊರಿಗೆಲ್ಲ ಕೇಳುವ ಡಂಗುರವಾದರೆ, ಇದು ಪಕ್ಕದವರಿಗಷ್ಟೇ ಹೇಳುವ ಕಿವಿಮಾತು. ಕೋಶವೊಂದು ಹೊರಗೆ ಬಿಟ್ಟ ಪ್ರೋಟೀನು ಕೆಲವೇ ಕೋಶಗಳ ದೂರ ಸಾಗಿ, ಅಲ್ಲಿನ ಕೋಶಪೊರೆಯ ಮೇಲಿರುವ ತನ್ನ ಗ್ರಾಹಿಯನ್ನು ಮುಟ್ಟಿ ಕೆಲಸ ಮುಗಿಸುತ್ತದೆ. ಇಲ್ಲಿ ಮುಖ್ಯವಾದವು ಫೈಬ್ರೋಬ್ಲಾಸ್ಟ್ ಬೆಳವಣಿಗೆ ಅಂಶಗಳೆಂಬ ಪ್ರೋಟೀನುಗಳ ಬಳಗ, ಸಂಕ್ಷೇಪವಾಗಿ ಎಫ್‌ಜಿಎಫ್, ಮತ್ತು ಇನ್ಸುಲಿನ್ನಿನ ಹತ್ತಿರದ ಬಂಧುವಾದ ಐಜಿಎಫ್-1. ಎಫ್‌ಜಿಎಫ್ ಬಂದು ಗ್ರಾಹಿಯನ್ನು ಮುಟ್ಟಿದಾಗ ಗ್ರಾಹಿಯ ಒಳತುದಿಯಲ್ಲಿ ಫಾಸ್ಫೇಟ್ ಗುಂಪುಗಳು ಕೂಡಿಕೊಳ್ಳುತ್ತವೆ. ಆ ಬದಲಾವಣೆ ಒಂದು ಕಿಣ್ವದಿಂದ ಇನ್ನೊಂದಕ್ಕೆ ದಾಟುತ್ತ ಕೊನೆಗೆ ಇಆರ್‌ಕೆ ಎಂಬ ಕಿಣ್ವವನ್ನು ತಲುಪಿ, ಅದು ಕೋಶಕೇಂದ್ರದೊಳಗೆ ವಿಭಜನೆಯ ಜೀನುಗಳನ್ನು ಎಬ್ಬಿಸುತ್ತದೆ.

ಬೆಳೆಸುವ ಅಪ್ಪಣೆಗಿಂತ ನಿಲ್ಲಿಸುವ ಅಪ್ಪಣೆಯ ದಾರಿ ಇನ್ನೂ ಸುತ್ತುಬಳಸಿನದು. ಅಂಡೋತ್ಸರ್ಜನೆಯ ನಂತರ ಅಂಡಾಶಯ ಸುರಿಸುವ ಪ್ರೊಜೆಸ್ಟರೋನ್ ಹಾರ್ಮೋನು ಗರ್ಭಕೋಶದ ಒಳಪದರದ ವಿಭಜನೆಯನ್ನು ತಡೆದು, ಭ್ರೂಣ ಬಂದು ನೆಲೆಯೂರಲು ಅದನ್ನು ಸಜ್ಜುಗೊಳಿಸುತ್ತದೆ. ಇದಕ್ಕಾಗಿ ಪ್ರೊಜೆಸ್ಟರೋನ್ ಮೊದಲು ಒಳಪದರದಲ್ಲಿ ಇಂಡಿಯನ್ ಹೆಡ್ಜ್‌ಹಾಗ್ ಎಂಬ ಪ್ರೋಟೀನನ್ನು ಹುಟ್ಟಿಸುತ್ತದೆ (ಮುಳ್ಳುಗಳಿರುವ ಒಂದು ಸಣ್ಣ ಪ್ರಾಣಿಯ ಹೆಸರದು, ಇಲ್ಲಿನ ಕೆಲಸಕ್ಕೂ ಭಾರತಕ್ಕೂ ಸಂಬಂಧವಿಲ್ಲ). ಅದು ಪೊರೆ ದಾಟಿ ಕೆಳಗಿಳಿದು ಸ್ಟ್ರೋಮಾದ ಗ್ರಾಹಿಯನ್ನು ಮುಟ್ಟಿ, ಅಲ್ಲಿ ಕೂಪ್-ಟಿಎಫ್2 ಎಂಬ, ಜೀನುಗಳನ್ನು ನಿಯಂತ್ರಿಸುವ ಪ್ರೋಟೀನನ್ನು ಚುರುಕುಗೊಳಿಸುತ್ತದೆ. ಸ್ಟ್ರೋಮಾದಲ್ಲಿ ಪ್ರೊಜೆಸ್ಟರೋನ್ ಎಬ್ಬಿಸುವ ಇನ್ನೊಂದು ನಿಯಂತ್ರಕವಾದ ಹ್ಯಾಂಡ್2, ಅಲ್ಲಿಯ ಎಫ್‌ಜಿಎಫ್ ಉತ್ಪಾದನೆಯನ್ನು ಕೈಬಿಡಿಸುತ್ತದೆ. ಇಲಿನಾಯ್ ವಿಶ್ವವಿದ್ಯಾಲಯದ ಇಂದ್ರಾಣಿ ಬಾಗ್ಚಿ, ಮಿಲನ್ ಬಾಗ್ಚಿ ಮತ್ತು ಸಂಗಡಿಗರು 2011ರಲ್ಲಿ ಗರ್ಭಕೋಶದಿಂದ ಹ್ಯಾಂಡ್2ನ್ನು ತೆಗೆದಾಗ, ಪ್ರೊಜೆಸ್ಟರೋನ್ ಸಾಕಷ್ಟಿದ್ದರೂ ಎಫ್‌ಜಿಎಫ್ ಸ್ರಾವ ನಿಲ್ಲಲಿಲ್ಲ, ಒಳಪದರ ವಿಭಜನೆಗೊಳ್ಳುತ್ತಲೇ ಹೋಯಿತು, ಭ್ರೂಣಗಳು ನೆಲೆಯೂರಲಿಲ್ಲ. ಬೇರೆ ಬೇರೆ ಪ್ರಯೋಗಾಲಯಗಳ ಕೆಲಸವನ್ನು ಕೂಡಿಸಿ ಓದಿದರೆ ಸಂದೇಶ ಮೇಲಿನಿಂದ ಕೆಳಕ್ಕೆ ಇಳಿದು, ಕೆಳಗಿನಿಂದ ಮತ್ತೆ ಮೇಲಕ್ಕೆ ಮರಳುವುದು ಕಾಣುತ್ತದೆ. ಒಳಪದರದ ಬೆಳವಣಿಗೆಗೆ ತಡೆ ಬೀಳುವುದು ಬೆಳೆಸುವವರ ಬಾಯಿ ಕಟ್ಟುವುದರಿಂದ.

ಈ ತಡೆಯ ಮಹತ್ವವನ್ನು ವೈದ್ಯಲೋಕ ಇಲಿಗಳಿಗಿಂತ ಮೊದಲೇ ಮನುಷ್ಯರಲ್ಲಿ ಕಂಡಿತ್ತು. ಮುಟ್ಟು ನಿಂತ ಹೆಂಗಸರಿಗೆ ಈಸ್ಟ್ರೋಜನ್ ಒಂದನ್ನೇ ಕೊಡುತ್ತಿದ್ದ ಕಾಲದಲ್ಲಿ, ಗರ್ಭಕೋಶದ ಒಳಪದರದ ಕ್ಯಾನ್ಸರ್ ಅಂಥವರಲ್ಲಿ ಹೆಚ್ಚುತ್ತಿರುವುದನ್ನು 1975ರಲ್ಲಿ ಪ್ರಕಟವಾದ ಅಧ್ಯಯನಗಳು ತೋರಿಸಿದವು; ಅಲ್ಲಿಂದೀಚೆಗೆ ಗರ್ಭಕೋಶ ಇರುವವರಿಗೆ ಈಸ್ಟ್ರೋಜನ್ ಜತೆ ಪ್ರೊಜೆಸ್ಟರೋನ್ ಬಗೆಯ ಔಷಧ ಸೇರಿಸುವುದು ರೂಢಿಯಾಯಿತು. 2013ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಂತೆ, ಈ ಕ್ಯಾನ್ಸರ್ ಇರುವ ಅಂಗಾಂಶಗಳಲ್ಲಿ ಹ್ಯಾಂಡ್2 ಜೀನಿನ ಮೇಲೆ ಮೀಥೈಲ್ ಗುಂಪುಗಳು ಕೂತು ಅದರ ಕೆಲಸ ಅಡಗಿರುವುದು ಬಹಳ ಸಾಮಾನ್ಯ. ಕ್ಯಾನ್ಸರ್ ಒಳಪದರದ್ದಾದರೂ ಅದಕ್ಕೆ ಎಡೆ ಮಾಡಿಕೊಡುವ ದೋಷ ಅಡಿಯ ಅಂಗಾಂಶದಲ್ಲಿ ಇರಬಹುದೆಂಬ ಶಂಕೆಗೆ ಇಲಿಯ ಪ್ರಯೋಗಗಳು ಬಲ ಕೊಡುತ್ತವೆ.

ಹುಟ್ಟಿನ ಆಸುಪಾಸಿನ ಆ ಕೆಲವು ದಿನಗಳಲ್ಲಿ ಯೋನಿಯ ಸ್ಟ್ರೋಮಾ ಹೇಳುವ ಮಾತಿನ ತಿರುಳು ಪಿ63 ಎಂಬ ಪ್ರೋಟೀನಿನಲ್ಲಿದೆ. ಚರ್ಮದಂಥ ಬಹುಸಾಲಿನ ಪದರಗಳ ತಳದ ಕೋಶಗಳಲ್ಲೆಲ್ಲ ಇದು ಇರುತ್ತದೆ. ಮ್ಯುಲ್ಲರ್ ನಾಳದ ಕೆಳತುದಿಯ ಸ್ಟ್ರೋಮಾ ಬಿಎಂಪಿ4, ಆಕ್ಟಿವಿನ್ ಎ ಎಂಬ ಸಂದೇಶ ಪ್ರೋಟೀನುಗಳು ಮತ್ತು ಎಫ್‌ಜಿಎಫ್‌ಗಳನ್ನು ಒಟ್ಟಾಗಿ ಸ್ರವಿಸಿದಾಗ ಅದರ ಮೇಲಿನ ಒಳಪದರದಲ್ಲಿ ಪಿ63 ಹುಟ್ಟಿ, ಆ ಕೋಶಗಳು ಯೋನಿಯ ದಾರಿ ಹಿಡಿಯುತ್ತವೆ. ಮೇಲೆ, ಗರ್ಭಕೋಶದಲ್ಲಿ, ಈ ಸಂದೇಶಗಳು ಕೂಡಿಬರುವುದಿಲ್ಲ, ಪಿ63 ಹುಟ್ಟುವುದಿಲ್ಲ. ಪಿ63 ಇಲ್ಲದ ಇಲಿಯ ಯೋನಿಯಲ್ಲಿ ಗರ್ಭಕೋಶದಂತೆಯೇ ಕಂಬದಾಕಾರದ ಕೋಶಗಳು ಉಳಿದುಬಿಡುತ್ತವೆ. ಒಮ್ಮೆ ಹುಟ್ಟಿದ ಪಿ63 ಆಮೇಲೆ ಸ್ಟ್ರೋಮಾದ ಒತ್ತಾಸೆಯನ್ನು ಅಷ್ಟಾಗಿ ಬೇಡುವುದಿಲ್ಲ. ಬೆಳೆದ ಒಳಪದರ ಅದಲುಬದಲಿಗೆ ಮಣಿಯದಿರುವ ಕಾರಣ ಇದರಲ್ಲಿದೆ.

ಈ ಕಿರಿದಾದ ಅವಧಿಯಲ್ಲಿ ಸಂದೇಶ ಕೆಟ್ಟರೆ ಏನಾಗುತ್ತದೆಂಬುದಕ್ಕೆ ದೊಡ್ಡ ಬೆಲೆ ತೆತ್ತು ದೊರೆತ ಉದಾಹರಣೆ ಇದೆ. ಲಂಡನ್ನಿನ ಚಾರ್ಲ್ಸ್ ಡಾಡ್ಸ್ ಮತ್ತು ಸಂಗಡಿಗರು 1938ರಲ್ಲಿ ಸಿದ್ಧಪಡಿಸಿದ ಡೈಈಥೈಲ್‌ಸ್ಟಿಲ್‌ಬೆಸ್ಟ್ರಾಲ್ ಅಥವಾ ಡಿಇಎಸ್ ಅಗ್ಗದ, ನುಂಗಬಹುದಾದ ಕೃತಕ ಈಸ್ಟ್ರೋಜನ್. ಗರ್ಭಪಾತವನ್ನು ತಡೆಯುತ್ತದೆಂಬ ನಂಬಿಕೆಯಿಂದ ಅಮೆರಿಕದಲ್ಲಿ 1940ರ ದಶಕದಿಂದ ಅದನ್ನು ಅಸಂಖ್ಯ ಗರ್ಭಿಣಿಯರಿಗೆ ಕೊಡಲಾಯಿತು. ಬಾಸ್ಟನ್ನಿನ ಆರ್ಥರ್ ಹರ್ಬ್‌ಸ್ಟ್ ಮತ್ತು ಸಂಗಡಿಗರು 1971ರಲ್ಲಿ, ಎಳೆವಯಸ್ಸಿನಲ್ಲಿ ಸಾಮಾನ್ಯವಾಗಿ ಕಾಣದ ಯೋನಿಯ ಗ್ರಂಥಿಕೋಶ ಕ್ಯಾನ್ಸರಿಗೆ ತುತ್ತಾದ 8 ಯುವತಿಯರ ವಿವರ ಪ್ರಕಟಿಸಿದರು. ಅವರಲ್ಲಿ 7 ಮಂದಿಯ ತಾಯಂದಿರು ಬಸಿರಿನಲ್ಲಿ ಡಿಇಎಸ್ ನುಂಗಿದ್ದರು, ಹೋಲಿಕೆಗೆ ಆರಿಸಿದ 32 ತಾಯಂದಿರಲ್ಲಿ ಒಬ್ಬರೂ ನುಂಗಿರಲಿಲ್ಲ. ಕ್ಯಾನ್ಸರ್ ಬಾರದ ಹೆಣ್ಣುಮಕ್ಕಳಲ್ಲೂ ಯೋನಿಯಲ್ಲಿ ಇರಬಾರದ ಕಂಬದಾಕಾರದ ಕೋಶಗಳ ತೇಪೆಗಳು ಅನೇಕರಲ್ಲಿ ಕಂಡುಬಂದವು. ತಕಾಶಿ ಕುರಿಟಾ, ಕೂನ್ಹಾ ಮತ್ತು ಸಂಗಡಿಗರು 2004ರಲ್ಲಿ ಇಲಿಮರಿಗಳಲ್ಲಿ ಇದರ ಒಳಗುಟ್ಟನ್ನು ಬಿಡಿಸಿದರು: ಡಿಇಎಸ್ ಒಳಪದರದ ಈಸ್ಟ್ರೋಜನ್ ಗ್ರಾಹಿಯನ್ನು ಅಕಾಲದಲ್ಲಿ ಕೆಣಕಿ ಪಿ63 ಹುಟ್ಟದಂತೆ ಮಾಡುತ್ತದೆ, ತಪ್ಪಿಹೋದ ಕೋಶಗಳು ಬದುಕಿಡೀ ತಪ್ಪಿಯೇ ಉಳಿಯುತ್ತವೆ. ವಿಷಾದದ ಸಂಗತಿಯೆಂದರೆ, ನೊಬೊರು ತಕಸುಗಿ ಮತ್ತು ಹೊವರ್ಡ್ ಬರ್ನ್ 1960ರ ದಶಕದ ಆರಂಭದಲ್ಲೇ ಎಚ್ಚರಿಸುವಂಥ ಫಲಿತಾಂಶವನ್ನು ಪ್ರಕಟಿಸಿದ್ದರು. ಹುಟ್ಟಿದ ಮೊದಲ ಕೆಲವು ದಿನಗಳಲ್ಲಿ ಈಸ್ಟ್ರೋಜನ್ ಕೊಟ್ಟ ಹೆಣ್ಣಿಲಿಮರಿಗಳ ಯೋನಿಪದರ, ದೊಡ್ಡವಾದ ಮೇಲೆ ಅಂಡಾಶಯ ತೆಗೆದರೂ, ಬೆದೆಯಲ್ಲಿರುವಂತೆ ಗಡುಸಾಗಿಯೇ ಇರುತ್ತಿತ್ತು. ಔಷಧ ಬರೆಯುತ್ತಿದ್ದವರ ಕಡೆಯಿಂದ ಇಲಿಯ ಆ ಸಾಕ್ಷ್ಯಕ್ಕೆ ದೊರೆತ ಗಮನ ಅತ್ಯಲ್ಪ.

ಸ್ಟ್ರೋಮಾವನ್ನು ಯಜಮಾನನಾಗಿಯೂ ಒಳಪದರವನ್ನು ಆಳಾಗಿಯೂ ಚಿತ್ರಿಸಿದರೆ ಅದೂ ಅತಿಯಾದೀತು. ಒಳಪದರವೇ ಸ್ರವಿಸುವ ಡಬ್ಲ್ಯುಎನ್‌ಟಿ7ಎ ಎಂಬ ಪ್ರೋಟೀನು ಇಲ್ಲದ ಇಲಿಗಳನ್ನು 1998ರಲ್ಲಿ ಪರೀಕ್ಷಿಸಿದಾಗ, ಸ್ಟ್ರೋಮಾ ತಾನು ಯಾವ ಅಂಗದ ಸ್ಟ್ರೋಮಾ ಎಂಬುದನ್ನೇ ಮರೆತಿತ್ತು: ಗರ್ಭಕೋಶದ ಗುರುತಾದ ಹಾಕ್ಸ್ ಜೀನುಗಳು ಅಲ್ಲಿ ಕ್ರಮೇಣ ಅಡಗಿದವು, ಗ್ರಂಥಿಗಳು ಮೂಡಲಿಲ್ಲ, ಒಳಪದರ ಯೋನಿಯದರಂತೆ ಸಾಲುಗಟ್ಟಿತು, ಅಂಡನಾಳಗಳು ಸುರುಳಿ ಸುತ್ತಿಕೊಳ್ಳಲಿಲ್ಲ. ಅಪ್ಪಣೆ ಕೊಡುವವನಿಗೆ ಅಪ್ಪಣೆ ಪಡೆಯುವವನಿಂದಲೇ ಅಧಿಕಾರ ಬರುವ ಈ ಏರ್ಪಾಡು ದೇಹದಲ್ಲಿ ಬೇರೆಡೆಯೂ ಉಂಟು. ಇದೇ ಡಬ್ಲ್ಯುಎನ್‌ಟಿ ಬಳಗದ ಸಂದೇಶಗಳು ಬೆಳೆದ ಪ್ರಾಣಿಯ ಆಕರಕೋಶಗಳನ್ನು, ಅಂದರೆ ತಾವೂ ಉಳಿದು ಹೊಸ ಕೋಶಗಳನ್ನೂ ಕೊಡುತ್ತಲೇ ಇರುವ ಮೂಲಕೋಶಗಳನ್ನು ಪೋಷಿಸುತ್ತವೆ. ಈ ಸಂದೇಶ ಪಡೆದ ಕೋಶಗಳಲ್ಲಿ ಆಕ್ಸಿನ್2 ಎಂಬ ಜೀನು ಎಚ್ಚೆತ್ತಿರುತ್ತದೆ. ಆಸ್ಟ್ರೇಲಿಯಾದ ನ್ಯೂಕ್ಯಾಸಲ್‌ನಲ್ಲಿ ಪ್ರದೀಪ್ ತನ್ವರ್ ಅವರ ತಂಡ ಅಂಥ ಕೋಶಗಳಿಗೂ ಅವುಗಳ ಸಂತತಿಗೂ ಅಳಿಸಲಾಗದ ಬಣ್ಣ ಹಚ್ಚಿ, ಗರ್ಭಕೋಶ ಮತ್ತು ಯೋನಿ ಎರಡರಲ್ಲೂ ಪದರವನ್ನು ದೀರ್ಘಕಾಲ ಮರಳಿ ತುಂಬುವವು ಅವೇ ಎಂದು 2020ರಲ್ಲಿ ತೋರಿಸಿತು. ಇಂಥ ಬಣ್ಣಗುರುತಿನ ಪ್ರಯೋಗಗಳಲ್ಲಿ ಒಂದು ತೊಡಕಿದೆ. ಗುರುತಿಗೆ ಚಾಲನೆ ಕೊಡಲು ಸಾಮಾನ್ಯವಾಗಿ ಬಳಸುವ ಟಾಮೊಕ್ಸಿಫೆನ್ ಎಂಬ ಔಷಧ ಇಲಿಯ ಗರ್ಭಕೋಶದಲ್ಲಿ ತಾನೇ ಈಸ್ಟ್ರೋಜನ್ನಿನಂತೆ ವರ್ತಿಸುತ್ತದೆ; ಕರುಳಿನಲ್ಲಿ ನಿಶ್ಚಿಂತೆಯಿಂದ ಬಳಸುವ ಉಪಕರಣ ಇಲ್ಲಿ ಅಳೆಯಬೇಕಾದದ್ದನ್ನೇ ಕದಡಿಬಿಡುತ್ತದೆ. ಅದಕ್ಕಾಗಿ ಹಲವರು ಡಾಕ್ಸಿಸೈಕ್ಲಿನ್ ಎಂಬ ಪ್ರತಿಜೀವಕದಿಂದ ನಡೆಯುವ ಬದಲಿ ವ್ಯವಸ್ಥೆಯ ಮೊರೆಹೋಗುತ್ತಾರೆ.

ಇಲಿಯಲ್ಲಿ ಕಂಡದ್ದನ್ನೆಲ್ಲ ಮನುಷ್ಯರಿಗೆ ಹಾಗೆಯೇ ಅನ್ವಯಿಸುವಂತಿಲ್ಲ. ಹೆಂಗಸರ ಯೋನಿಪದರ ಇಲಿಯದರಷ್ಟು ಗಡುಸಾಗುವುದಿಲ್ಲ, ಅಲ್ಲಿ ಲ್ಯಾಕ್ಟೋಬ್ಯಾಸಿಲಸ್ ಬ್ಯಾಕ್ಟೀರಿಯಾಗಳು ಉಂಟುಮಾಡುವ ಆಮ್ಲೀಯ ವಾತಾವರಣ ಇಲಿಯಲ್ಲಿ ಇಲ್ಲ. ಇದಕ್ಕಿಂತ ದೊಡ್ಡ ವ್ಯತ್ಯಾಸ ಗರ್ಭಕೋಶದ್ದು. ಹೆಂಗಸರಲ್ಲಿ ಭ್ರೂಣ ಬರಲಿ ಬಾರದಿರಲಿ ಸ್ಟ್ರೋಮಾದ ಕೋಶಗಳು ಪ್ರತಿ ತಿಂಗಳೂ ಉಬ್ಬಿ ರೂಪಾಂತರಗೊಳ್ಳುತ್ತವೆ, ಬಸಿರು ನಿಲ್ಲದೆ ಪ್ರೊಜೆಸ್ಟರೋನ್ ಇಳಿದಾಗ ಅವು ಒಳಪದರದೊಡನೆ ಕಳಚಿ ಮುಟ್ಟಾಗಿ ಹೋಗುತ್ತವೆ. ಇಲಿಯಲ್ಲಿ ಆ ರೂಪಾಂತರಕ್ಕೆ ಭ್ರೂಣದ ಸ್ಪರ್ಶವೋ ಅದನ್ನು ಅನುಕರಿಸುವ ಕೃತಕ ಪ್ರಚೋದನೆಯೋ ಬೇಕು, ಆದ್ದರಿಂದ ಇಲಿ ಮುಟ್ಟಾಗುವುದಿಲ್ಲ. ಫಿನ್ ಮತ್ತು ಪೋಪ್ 1984ರಲ್ಲಿ ಇಲಿಯ ಗರ್ಭಕೋಶಕ್ಕೆ ಎಣ್ಣೆ ತುಂಬಿ ಕೃತಕ ರೂಪಾಂತರ ತಂದು, ಆಮೇಲೆ ಪ್ರೊಜೆಸ್ಟರೋನ್ ಪೂರೈಕೆಯನ್ನು ನಿಲ್ಲಿಸಿ ಮುಟ್ಟಿನಂಥ ಕಳಚುವಿಕೆಯನ್ನು ತೋರಿಸಿದ್ದರು; ಬಹುಕಾಲ ಸಂಶೋಧಕರು ಈ ಕೃತಕ ಮಾದರಿಯನ್ನೇ ನೆಚ್ಚಿಕೊಂಡರು. ಮೆಲ್ಬರ್ನಿನ ಮೊನಾಶ್ ವಿಶ್ವವಿದ್ಯಾಲಯದ ತಂಡ 2017ರಲ್ಲಿ, ಉತ್ತರ ಆಫ್ರಿಕ ಮತ್ತು ಪಶ್ಚಿಮ ಏಷ್ಯಾದ ಒಣನಾಡುಗಳಲ್ಲಿ ಬಾಳುವ ಈಜಿಪ್ಟಿನ ಮುಳ್ಳಿಲಿ ಯಾರ ಪ್ರಚೋದನೆಯೂ ಇಲ್ಲದೆ, ಸುಮಾರು 9 ದಿನಗಳ ಚಕ್ರದಲ್ಲಿ, ತಾನಾಗಿಯೇ ಮುಟ್ಟಾಗುವುದನ್ನು ವರದಿ ಮಾಡಿತು. ದಂಶಕಗಳಲ್ಲಿ ಇದು ಮೊದಲ ಉದಾಹರಣೆ. ಸ್ಟ್ರೋಮಾ ಭ್ರೂಣಕ್ಕಾಗಿ ಕಾಯದೆ ತಾನೇ ಮುಂದಾಗುವ ಒಂದು ಇಲಿ, ಕಾಯುತ್ತಲೇ ಇರುವ ಇನ್ನೊಂದು ಇಲಿ ಈಗ ಒಂದೇ ಪ್ರಯೋಗಾಲಯದಲ್ಲಿ ಹೋಲಿಕೆಗೆ ದೊರೆಯುತ್ತಿವೆ. ಎರಡರ ಸ್ಟ್ರೋಮಾಗಳು ಒಂದೇ ಪ್ರೊಜೆಸ್ಟರೋನಿಗೆ ಎಲ್ಲಿ ಬೇರೆ ಬೇರೆಯಾಗಿ ಉತ್ತರಿಸುತ್ತವೆಂಬುದು ಈ ಹೋಲಿಕೆಯಿಂದ ಹೊರಬೀಳಬೇಕಾದ ವಿಷಯ.